ಉಪ್ಪಾಗೆ ಸಾರ

ಉಪ್ಪಾಗೆ ಸಾರವೆಂದರೆ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆ ಮರದ ಹಣ್ಣಿನ ಸಿಪ್ಪೆಯಿಂದ ತೆಗೆದ, ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಮುಖ್ಯ ಅಂಶವಾಗಿ ಉಳ್ಳ ಸಸ್ಯಸಾರ. ಮರದ ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯ ಗಮ್ಮಿ-ಗಟ್ಟ, ಕುಟುಂಬ ಕ್ಲೂಸಿಯೇಸಿ. ಹಳೆಯ ಗ್ರಂಥಗಳಲ್ಲಿಯೂ ಔಷಧದಂಗಡಿಯ ಡಬ್ಬಿಗಳ ಮೇಲೂ ಗಾರ್ಸೀನಿಯ ಕ್ಯಾಂಬೋಜಿಯ ಎಂಬ ಹಿಂದಿನ ಹೆಸರೇ ಕಾಣುತ್ತದೆ. ದೇಹದಲ್ಲಿ ಪಿಷ್ಟ ಮತ್ತು ಸಕ್ಕರೆ ಕೊಬ್ಬಾಗಿ ಬದಲಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಕೊಲೆಸ್ಟರಾಲ್ ತಯಾರಾಗುವುದೂ ಅದೇ ಕಿಣ್ವ ಒದಗಿಸುವ ಕಚ್ಚಾವಸ್ತುವಿನಿಂದ. ಆದ್ದರಿಂದ ತೂಕ ಇಳಿಸುವ ಮತ್ತು ರಕ್ತದ ಕೊಬ್ಬನ್ನು ತಗ್ಗಿಸುವ ಪದಾರ್ಥವೆಂದು 1990ರ ದಶಕದಿಂದ ಇದು ಜಗತ್ತಿನಾದ್ಯಂತ ಮಾರಾಟವಾಗಿದೆ. ಕಿಣ್ವದ ಮೇಲಿನ ಕ್ರಿಯೆ ನಿರ್ವಿವಾದ. ಮನುಷ್ಯರ ತೂಕ ಮತ್ತು ಕೊಲೆಸ್ಟರಾಲ್ ಮೇಲಿನ ಪರಿಣಾಮ ಮಾತ್ರ ಅಲ್ಪ, ಅಸ್ಥಿರ.

ಹೆಸರುಗಳು

ಉತ್ತರ ಕನ್ನಡ ಮತ್ತು ಮಲೆನಾಡಿನಲ್ಲಿ ಇದು ಉಪ್ಪಾಗೆ ಅಥವಾ ಉಪ್ಪಗೆ. ಕೊಡಗಿನಲ್ಲಿ ಹಣ್ಣಿಗೆ ಪಣಪುಳಿ ಎಂದೂ ಅದರ ರಸ ಬತ್ತಿಸಿ ಮಾಡಿದ ಹುಳಿಗೆ ಕಾಚಂಪುಳಿ ಎಂದೂ ಹೆಸರು. ಮಲಯಾಳಂನಲ್ಲಿ ಕುಡಂಪುಳಿ, ಸಿಂಹಳದಲ್ಲಿ ಗೊರಕ. ತುಳುನಾಡಿನ ಪುನರ್ಪುಳಿ ಬೇರೆಯ ಮರ. ಅದು ಗಾರ್ಸೀನಿಯ ಇಂಡಿಕ, ಅಂದರೆ ಮಲೆನಾಡಿನ ಮುರುಗಲು. ಎರಡೂ ಒಂದೇ ಕುಲದವು, ಎರಡರ ಸಿಪ್ಪೆಯೂ ಹುಳಿ. ಮುರುಗಲ ಹಣ್ಣು ಕಡುಕೆಂಪಾಗಿ, ನುಣುಪಾಗಿ ಇರುತ್ತದೆ. ಉಪ್ಪಾಗೆ ಹಣ್ಣು ಹಳದಿಯಾಗಿ, ಉದ್ದಕ್ಕೂ ಗೀರುಬಿದ್ದು ಪುಟ್ಟ ಕುಂಬಳಕಾಯಿಯಂತೆ ಕಾಣುತ್ತದೆ. ಆಯುರ್ವೇದ ಗ್ರಂಥಗಳ ವೃಕ್ಷಾಮ್ಲವನ್ನು ಸಾಮಾನ್ಯವಾಗಿ ಮುರುಗಲು ಎಂದೇ ಗುರುತಿಸುತ್ತಾರೆ. ಮಾರುಕಟ್ಟೆಯ ಜಾಹೀರಾತುಗಳು ಆ ಹೆಸರನ್ನು ಉಪ್ಪಾಗೆಗೂ ಅಂಟಿಸುವುದರಿಂದ ಗೊಂದಲವಾಗಿದೆ.

ಗಾರ್ಸೀನಿಯ ಎಂಬ ಕುಲನಾಮ 18ನೆಯ ಶತಮಾನದಲ್ಲಿ ಡಚ್ಚರ ಈಸ್ಟ್ ಇಂಡಿಯ ಕಂಪನಿಯಲ್ಲಿ ವೈದ್ಯನಾಗಿದ್ದ ಲಾರೆಂಟ್ ಗಾರ್ಸಿನ್‌ನಿಂದ ಬಂದದ್ದು. ಗಮ್ಮಿ-ಗಟ್ಟ ಎಂಬುದು ಒಂದು ತಪ್ಪುಗ್ರಹಿಕೆಯ ಗುರುತು. ಚಿತ್ರಕಾರರು ಬಳಸುತ್ತಿದ್ದ ಗ್ಯಾಂಬೋಜ್ ಎಂಬ ಹಳದಿ ಅಂಟು ಈ ಮರದ್ದೇ ಎಂದು ಲಿನೇಯಸ್ ಭಾವಿಸಿ ಆ ಹೆಸರಿಟ್ಟ. ನಿಜವಾದ ಗ್ಯಾಂಬೋಜ್ ಕಾಂಬೋಡಿಯ ಮತ್ತು ಥಾಯ್ಲೆಂಡ್ ಕಡೆಯ ಇನ್ನೊಂದು ಪ್ರಭೇದದಿಂದ ಬರುತ್ತದೆ. ಮಲಬಾರಿನ ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡ್ ಹೊರತಂದ ಹೋರ್ಟಸ್ ಮಲಬಾರಿಕಸ್ ಗ್ರಂಥದ 1678ರ ಮೊದಲ ಸಂಪುಟದಲ್ಲಿ ಈ ಮರದ ಚಿತ್ರವೂ ವಿವರಣೆಯೂ ಮಲಯಾಳಂ ಹೆಸರಿನೊಡನೆ ಸೇರಿವೆ.

ಮರ ಮತ್ತು ಹಣ್ಣು

ಕೊಂಕಣದಿಂದ ದಕ್ಷಿಣಕ್ಕೆ ಕೇರಳದವರೆಗಿನ ಘಟ್ಟಗಳಲ್ಲೂ ಶ್ರೀಲಂಕಾದಲ್ಲೂ ಉಪ್ಪಾಗೆ ಸಹಜವಾಗಿ ಬೆಳೆಯುತ್ತದೆ. ಕರ್ನಾಟಕದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಕಾಡುಗಳಲ್ಲಿ ಸಿಗುತ್ತದೆ. ಅಡಕೆ ತೋಟದ ಅಂಚಿನಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಉಳಿಸಿಕೊಂಡ ಮರಗಳೂ ಉಂಟು. ಮರ ಸುಮಾರು 20 ಮೀಟರ್ ಎತ್ತರಕ್ಕೆ ಏರಬಲ್ಲದು. ಎಲೆ ಎದುರುಬದುರಾಗಿ ಜೋಡಣೆಗೊಂಡು ಕಡುಹಸಿರಾಗಿ ಹೊಳೆಯುತ್ತದೆ. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದಿಂದ ಎದ್ದ ಸಸಿ ಯಾವುದೆಂದು ಹೂ ಬಿಡುವವರೆಗೆ ತಿಳಿಯದ ಕಾರಣ ತೋಟದಲ್ಲಿ ಬೆಳೆಸುವವರು ಕಸಿ ಗಿಡಗಳನ್ನು ನೆಚ್ಚುತ್ತಾರೆ.

ಬೇಸಿಗೆಯ ಹೊತ್ತಿಗೆ ಹೂಬಿಟ್ಟು ಮಳೆಗಾಲದಲ್ಲಿ ಹಣ್ಣಾಗುತ್ತದೆ. ಹಣ್ಣಿನ ಮೇಲೆ ಆರರಿಂದ ಎಂಟು ಗೀರುಗಳಿರುತ್ತವೆ. ಒಳಗೆ ಬಿಳಿಯ ತಿರುಳು ಸುತ್ತಿದ ಅಷ್ಟೇ ಬೀಜಗಳು. ಸಾರಕ್ಕೆ ಬೇಕಾದ ಆಮ್ಲವಿರುವುದು ದಪ್ಪ ಸಿಪ್ಪೆಯಲ್ಲಿ. ತಿರುಳನ್ನು ಮಂಗ ಮುಂತಾದ ಕಾಡುಪ್ರಾಣಿಗಳು ತಿಂದು ಬೀಜ ಹರಡುತ್ತವೆ. ಅಘನಾಶಿನಿ ಕಣಿವೆಯ ಸಿಂಗಳೀಕಗಳ ಆಹಾರದಲ್ಲಿ ಈ ಹಣ್ಣೂ ಸೇರಿದೆ. ಬೀಜದಿಂದ ಮಲೆನಾಡಿನ ಮನೆಗಳಲ್ಲಿ ಉಪ್ಪಾಗೆ ತುಪ್ಪ ತೆಗೆಯುವ ರೂಢಿಯಿತ್ತು. ತಣ್ಣಗಾದಾಗ ಗಟ್ಟಿಯಾಗುವ ಈ ಜಿಡ್ಡನ್ನು ಅಡುಗೆಗೂ ಒಡೆದ ಕಾಲಿಗೆ ಹಚ್ಚಲೂ ಬಳಸುತ್ತಿದ್ದರು. ಯಾವ ಹಣ್ಣಿನ ಸಿಪ್ಪೆ ಕೊಬ್ಬು ಕರಗಿಸುವುದೆಂದು ಹೊರದೇಶಗಳಲ್ಲಿ ಹೆಸರು ಮಾಡಿತೋ ಅದರ ಬೀಜ ಅಚ್ಚ ಕೊಬ್ಬಿನ ಕಣಜ.

ಹಿಂದಿನಿಂದ ಬಂದ ಬಳಕೆ

ಹುಳಿಯಾಗಿ ಬಳಸುವುದೇ ಮುಖ್ಯ. ಸಿಪ್ಪೆಯನ್ನು ಹೋಳು ಮಾಡಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟರೆ ಕಪ್ಪಾಗಿ, ತೊಗಲಿನಂತೆ ಬಾಗುವ ಹದಕ್ಕೆ ಬರುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಕೇರಳದ ಮೀನು ಸಾರಿಗೆ ಈ ಹೋಳು ಬೇಕೇ ಬೇಕು. ಶ್ರೀಲಂಕಾದಲ್ಲಿ ಮೀನನ್ನು ಗೊರಕದ ಜೊತೆ ಒಣಗುವಷ್ಟು ಬೇಯಿಸಿ ಕೆಲವು ದಿನ ಇಡುತ್ತಾರೆ. ಅಲ್ಲಿ ಹುಳಿ ರುಚಿಗೆ ಮಾತ್ರವಲ್ಲ, ಮೀನು ಕೆಡದಂತೆ ಕಾಯುವುದಕ್ಕೂ. ಕೊಡಗಿನಲ್ಲಿ ಕಳಿತ ಹಣ್ಣುಗಳಿಂದ ಇಳಿದ ರಸವನ್ನು ಮಂದ ಉರಿಯಲ್ಲಿ ಬತ್ತಿಸಿ ಕಪ್ಪು ಪಾಕದಂಥ ಕಾಚಂಪುಳಿ ಮಾಡುತ್ತಾರೆ. ಪಂದಿ ಕರಿಯ ಕಪ್ಪು ಬಣ್ಣಕ್ಕೂ ಹುಳಿಗೂ ಇದೇ ಮೂಲ.

ಅಡುಗೆಯಾಚೆ ಬಂಗಾರ ಬೆಳ್ಳಿಗೆ ಹೊಳಪು ಕೊಡಲು, ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಸಿಪ್ಪೆಯನ್ನು ಬಳಸಿದ್ದುಂಟು. ಅಜೀರ್ಣಕ್ಕೆ, ಸಂಧಿವಾತಕ್ಕೆ, ದನಕರುಗಳ ಬಾಯಿಹುಣ್ಣಿಗೆ ನಾಟಿ ಮದ್ದಾಗಿಯೂ ಕಷಾಯ ಕೊಡುತ್ತಿದ್ದರು. ಬೊಜ್ಜು ಕರಗಿಸುವ ಮದ್ದೆಂಬುದು ಈ ನಾಡಮದ್ದಿನಿಂದ ಬಂದದ್ದಲ್ಲ. ಅದು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು.

ಆಮ್ಲದ ಪತ್ತೆ

ಸಿಪ್ಪೆಯ ಹುಳಿಗೆ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳು ಕಾರಣವೆಂದು ಬಹುಕಾಲ ನಂಬಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಮುಖ್ಯ ಆಮ್ಲ ಇವೆರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಮುಂದಿನ ದಶಕಗಳಲ್ಲಿಯೂ ಅದೇ ಸಂಸ್ಥೆಯಲ್ಲಿ ಆಮ್ಲವನ್ನು ಬೇರ್ಪಡಿಸುವ, ಅಳೆಯುವ ವಿಧಾನಗಳ ಮೇಲೆ ಕೆಲಸ ನಡೆಯಿತು. ಜಗತ್ತಿನ ಕ್ಯಾಪ್ಸೂಲ್ ಉದ್ಯಮ ನಿಂತಿರುವ ಅಡಿಪಾಯದ ರಸಾಯನಶಾಸ್ತ್ರ ಮೈಸೂರಿನದು.

ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿ ಸೇರಿದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದರ ಒಂದು ಅಣುವಿನಲ್ಲಿ ಆರು ಇಂಗಾಲ, ಎಂಟು ಜಲಜನಕ, ಎಂಟು ಆಮ್ಲಜನಕ ಪರಮಾಣುಗಳಿವೆ, ಅಣುತೂಕ 208. ಎರಡು ಇಂಗಾಲಗಳು ಅಸಮ್ಮಿತವಾದ್ದರಿಂದ ಆಮ್ಲಕ್ಕೆ ನಾಲ್ಕು ತ್ರಿವಿಮ ರೂಪಗಳು ಸಾಧ್ಯ. ಗಾರ್ಸೀನಿಯ ಹಣ್ಣುಗಳಲ್ಲಿರುವುದು ಋಣ ರೂಪ. ಪುಂಡಿಯ ಕುಲದ ಗಿಡಗಳಲ್ಲಿ ಇನ್ನೊಂದು ರೂಪ ಸಿಗುತ್ತದೆ. ಕೊಬ್ಬು ತಯಾರಿಕೆಯ ಕಿಣ್ವವನ್ನು ಬಲವಾಗಿ ತಡೆಯುವುದು ಋಣ ರೂಪವೇ. ಒಣಸಿಪ್ಪೆಯ ತೂಕದಲ್ಲಿ ಈ ಆಮ್ಲದ ಪಾಲು ಶೇ. 10ರಿಂದ 30. ಇದಲ್ಲದೆ ಸಿಪ್ಪೆಯಲ್ಲಿ ಗಾರ್ಸಿನಾಲ್ ಮುಂತಾದ ಬೆಂಜೊಫೀನೋನ್‌ಗಳೂ ಕ್ಸಾಂಥೋನ್‌ಗಳೂ ಇವೆ.

ಸಾರದ ತಯಾರಿಕೆ ಮತ್ತು ರೂಪಗಳು

ಒಣಸಿಪ್ಪೆಯನ್ನು ನೀರಿನಲ್ಲಿ ಅಥವಾ ಮದ್ಯಸಾರದಲ್ಲಿ ನೆನೆಸಿ ಆಮ್ಲವನ್ನು ಹೊರತೆಗೆದು, ಪೆಕ್ಟಿನ್ ಮುಂತಾದ ಅಂಟುಪದಾರ್ಥಗಳನ್ನು ಬೇರ್ಪಡಿಸುತ್ತಾರೆ. ತೊಡಕು ಬರುವುದು ಮುಂದಿನ ಹಂತದಲ್ಲಿ. ರಸವನ್ನು ಕಾಯಿಸಿ ಸಾಂದ್ರ ಮಾಡಿದಂತೆ ಆಮ್ಲದ ಅಣು ತನ್ನೊಳಗೇ ನೀರು ಕಳೆದುಕೊಂಡು ಉಂಗುರವಾಗಿ ಸುತ್ತಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಲ್ಯಾಕ್ಟೋನ್‌ಗೆ ಕಿಣ್ವವನ್ನು ತಡೆಯುವ ಶಕ್ತಿ ತೀರ ಕಡಿಮೆ. ಇದನ್ನು ತಪ್ಪಿಸಲು ಆಮ್ಲವನ್ನು ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂ ಲವಣವಾಗಿ ಕಟ್ಟಿಹಾಕುತ್ತಾರೆ. ಕ್ಯಾಲ್ಸಿಯಂ ಲವಣ ಅಗ್ಗ, ಆದರೆ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಪೊಟ್ಯಾಸಿಯಂ ಲವಣ ಸುಲಭವಾಗಿ ಕರಗುತ್ತದೆ, ಜೊತೆಗೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಎರಡನ್ನೂ ಬೆರೆಸಿದ ಲವಣಗಳೂ ಉಂಟು. ಮಾರಾಟದ ಪುಡಿಯಲ್ಲಿ ಆಮ್ಲ ಸಾಮಾನ್ಯವಾಗಿ ಶೇ. 50ರಿಂದ 60ರಷ್ಟಿರುತ್ತದೆ.

ಪ್ರಯೋಗಗಳಲ್ಲಿ ಬಳಸಿದ ದಿನದ ಮೊತ್ತ ಬಹುಪಾಲು 1ರಿಂದ 3 ಗ್ರಾಂ ಆಮ್ಲ. 1.5 ಗ್ರಾಂ ಆಮ್ಲವೆಂದರೆ ಲೆಕ್ಕಕ್ಕೆ 5ರಿಂದ 15 ಗ್ರಾಂ ಒಣಸಿಪ್ಪೆ. ಒಂದು ಮನೆಯ ಸಾರಿಗೆ ಹಾಕುವ ಕೆಲವು ಹೋಳುಗಳೂ ಹೆಚ್ಚುಕಡಿಮೆ ಇಷ್ಟೇ ತೂಗುತ್ತವೆ. ಅದು ಹಲವರ ತಟ್ಟೆಗೆ ಹಂಚಿಹೋಗುತ್ತದೆ, ಕುದಿಯುವಾಗ ಒಂದಂಶ ಲ್ಯಾಕ್ಟೋನ್ ಆಗುತ್ತದೆ, ಹೋಳನ್ನು ಬದಿಗಿಟ್ಟು ಊಟ ಮಾಡುತ್ತಾರೆ. ಅಡುಗೆಯ ಹುಳಿಯನ್ನೂ ಕ್ಯಾಪ್ಸೂಲನ್ನೂ ಒಂದೇ ಎಂದು ತೂಗುವುದು ಸರಿಯಲ್ಲ.

ಕೊಬ್ಬಿನ ಚಯಾಪಚಯದಲ್ಲಿ ಕ್ರಿಯೆ

ಅನ್ನ, ರೊಟ್ಟಿ, ಸಕ್ಕರೆ ಜೀರ್ಣವಾಗಿ ಗ್ಲೂಕೋಸ್ ಆಗುತ್ತವೆ. ಜೀವಕೋಶದಲ್ಲಿ ಗ್ಲೂಕೋಸ್ ಒಡೆದು ಪೈರುವೇಟ್ ಆಗಿ, ಮೈಟೊಕಾಂಡ್ರಿಯದ ಒಳಗೆ ಅಸಿಟೈಲ್ ಕೋಎ ಎಂಬ ಎರಡು ಇಂಗಾಲದ ತುಣುಕಾಗುತ್ತದೆ. ಶಕ್ತಿ ಬೇಕಿದ್ದಾಗ ಅದು ಅಲ್ಲೇ ಉರಿಯುತ್ತದೆ. ಶಕ್ತಿ ಮಿಗಿಲಾದಾಗ ಅದನ್ನು ಕೊಬ್ಬಾಗಿ ಕೂಡಿಡಬೇಕು. ಕೊಬ್ಬು ಕಟ್ಟುವ ಕಿಣ್ವಗಳಿರುವುದೋ ಮೈಟೊಕಾಂಡ್ರಿಯದ ಹೊರಗೆ, ಕೋಶರಸದಲ್ಲಿ. ಅಸಿಟೈಲ್ ಕೋಎಗೆ ಮೈಟೊಕಾಂಡ್ರಿಯದ ಪೊರೆ ದಾಟಲಾಗದು. ಹಾಗಾಗಿ ಅದು ಆಕ್ಸಲೋಅಸಿಟೇಟ್ ಜೊತೆಗೂಡಿ ಸಿಟ್ರೇಟ್ ಆಗಿ ಹೊರಗೆ ಬರುತ್ತದೆ. ಹೊರಬಂದ ಸಿಟ್ರೇಟನ್ನು ಮತ್ತೆ ಒಡೆದು ಅಸಿಟೈಲ್ ಕೋಎಯನ್ನು ಬಿಡಿಸುವ ಕಿಣ್ವ ಎಟಿಪಿ ಸಿಟ್ರೇಟ್ ಲಯೇಸ್.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಅಸಿಟೈಲ್ ಕೋಎ ಮೆಲೊನೈಲ್ ಕೋಎ ಆಗಿ ಕೊಬ್ಬಿನಾಮ್ಲಗಳ ಸರಪಳಿ ಬೆಳೆಯುತ್ತದೆ. ಇನ್ನೊಂದರಲ್ಲಿ ಅದೇ ತುಣುಕುಗಳು ಮೆವಲೊನೇಟ್ ಹಾದಿ ಹಿಡಿದು 27 ಇಂಗಾಲದ ಕೊಲೆಸ್ಟರಾಲ್ ಆಗುತ್ತವೆ. ಸ್ಟಾಟಿನ್ ಮಾತ್ರೆಗಳು ಕಟ್ಟೆ ಹಾಕುವುದು ಈ ಎರಡನೆಯ ಕವಲಿನಲ್ಲಿ ಸ್ವಲ್ಪ ಮುಂದಕ್ಕೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಜಾಗ ಕವಲಿಗೂ ಹಿಂದೆ.

ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲೋವೆನ್‌ಸ್ಟೀನ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಈ ಆಮ್ಲ ಎಟಿಪಿ ಸಿಟ್ರೇಟ್ ಲಯೇಸನ್ನು ತಡೆಯುತ್ತದೆಂದು ಪ್ರಕಟಿಸಿದರು. ಆಮ್ಲ ಸಿಟ್ರೇಟನ್ನೇ ಹೋಲುವುದರಿಂದ ಕಿಣ್ವದಲ್ಲಿ ಸಿಟ್ರೇಟ್ ಕೂರಬೇಕಾದ ಜಾಗವನ್ನು ಹಿಡಿದುಬಿಡುತ್ತದೆ. ಇದು ಸ್ಪರ್ಧಾತ್ಮಕ ಪ್ರತಿಬಂಧ: ಸಿಟ್ರೇಟ್ ಹೆಚ್ಚಾದರೆ ತಡೆ ಸಡಿಲವಾಗುತ್ತದೆ. 1971ರಲ್ಲಿ ಲೋವೆನ್‌ಸ್ಟೀನ್ ಜೀವಂತ ಇಲಿಗಳ ಯಕೃತ್ತಿನಲ್ಲಿಯೂ ಕೊಬ್ಬಿನಾಮ್ಲ ತಯಾರಿ ಇಳಿಯುವುದನ್ನು ತೋರಿಸಿದರು.

ಇನ್ನೊಂದು ಪರೋಕ್ಷ ಕ್ರಿಯೆಯನ್ನೂ ಊಹಿಸಲಾಗಿದೆ. ಮೆಲೊನೈಲ್ ಕೋಎ ಇರುವಾಗ ಕೊಬ್ಬಿನಾಮ್ಲಗಳು ಉರಿಯಲೆಂದು ಮೈಟೊಕಾಂಡ್ರಿಯ ಸೇರುವುದಕ್ಕೆ ತಡೆಯಿರುತ್ತದೆ. ಅದು ತಗ್ಗಿದರೆ ಬಾಗಿಲು ತೆರೆದು ಕೊಬ್ಬು ಹೆಚ್ಚು ಉರಿಯಬೇಕು. ಹಸಿವು ಇಂಗುವುದಕ್ಕೆ ಯಕೃತ್ತಿನಲ್ಲಿ ಗ್ಲೈಕೊಜನ್ ತುಂಬುವುದನ್ನೂ ಮಿದುಳಿನಲ್ಲಿ ಸೆರೊಟೋನಿನ್ ಏರುವುದನ್ನೂ ಕಾರಣವಾಗಿ ಸೂಚಿಸಿದ್ದಾರೆ.

ಪ್ರಾಣಿಗಳ ಮೇಲಿನ ಪ್ರಯೋಗಗಳು

1970ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಔಷಧ ಕಂಪನಿಯ ಆನ್ ಸಲಿವನ್ ಮತ್ತು ತಂಡ ಇಲಿಗಳಲ್ಲಿ ಸರಣಿ ಪ್ರಯೋಗ ನಡೆಸಿತು. ಆಮ್ಲ ತಿಂದ ಇಲಿಗಳು ಕಡಿಮೆ ಉಂಡವು, ಕಡಿಮೆ ತೂಗಿದವು. ಅವುಗಳ ಯಕೃತ್ತಿನಲ್ಲಿ ಕೊಬ್ಬಿನಾಮ್ಲಗಳ ಜೊತೆಗೆ ಕೊಲೆಸ್ಟರಾಲ್ ತಯಾರಿಯೂ ಇಳಿಯಿತು. ಈ ಇಲಿಗಳಿಗೆ ಉಪವಾಸ ಹಾಕಿ, ಬಳಿಕ ಸಕ್ಕರೆ ಪಿಷ್ಟವೇ ಹೆಚ್ಚಿರುವ ಆಹಾರವನ್ನು ಕೊಡುತ್ತಿದ್ದರು. ಆಗ ಇಲಿಯ ದೇಹ ಸಕ್ಕರೆಯಿಂದ ಕೊಬ್ಬನ್ನು ಭರದಿಂದ ಕಟ್ಟುತ್ತದೆ. ಇಂಥ ಪ್ರಯೋಗದಲ್ಲಿ ತಡೆಗೋಡೆಯ ಪರಿಣಾಮ ಎದ್ದುಕಾಣುವುದು ಸಹಜ. ಮನುಷ್ಯನ ಫಲಿತಾಂಶ ಬೇರೆಯಾದದ್ದರ ಗುಟ್ಟೂ ಇಲ್ಲಿದೆ.

ಮಾನವ ಪ್ರಯೋಗಗಳು: ತೂಕ

ಮೊದಲ ಕಟ್ಟುನಿಟ್ಟಿನ ಪ್ರಯೋಗ 1998ರದು. ನ್ಯೂಯಾರ್ಕಿನ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಹೋದ್ಯೋಗಿಗಳು 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಹುಸಿಮದ್ದು ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ. ಎರಡೂ ಗುಂಪಿಗೆ ನಾರು ಹೆಚ್ಚಿರುವ, ಕ್ಯಾಲೊರಿ ಕಡಿಮೆಯಿರುವ ಪಥ್ಯ. 12 ವಾರಗಳ ಕೊನೆಗೆ ಸಾರ ತಿಂದವರು ಸರಾಸರಿ 3.2 ಕೆ.ಜಿ., ಹುಸಿಮದ್ದು ತಿಂದವರು 4.1 ಕೆ.ಜಿ. ಇಳಿದಿದ್ದರು. ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಮಹತ್ವದ್ದಲ್ಲ. ಇಳಿದದ್ದು ಪಥ್ಯದಿಂದ, ಸಾರದಿಂದಲ್ಲ ಎಂದು ತೀರ್ಮಾನಿಸಲಾಯಿತು. ನಾರು ಆಮ್ಲದ ಹೀರಿಕೆಗೆ ಅಡ್ಡಿಯಾಗಿರಬಹುದು, ಮೊತ್ತ ಸಾಲದಾಗಿರಬಹುದು ಎಂಬ ಆಕ್ಷೇಪಗಳು ಸಾರದ ಪರವಾದವರಿಂದ ಬಂದವು.

ಆಂಧ್ರಪ್ರದೇಶದ ಏಲೂರಿನಲ್ಲಿ ನಡೆದು 2004ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳಲ್ಲಿ ಕ್ಯಾಲ್ಸಿಯಂ-ಪೊಟ್ಯಾಸಿಯಂ ಲವಣ ಬಳಸಿ ದಿನಕ್ಕೆ 2,800 ಮಿಲಿಗ್ರಾಂ ಆಮ್ಲ ಕೊಡಲಾಯಿತು. 60 ಮಂದಿ, 8 ವಾರ. ಸಾರ ತಿಂದವರ ತೂಕ ಶೇ. 5ರಷ್ಟು ಇಳಿದು, ಹಸಿವೂ ತಗ್ಗಿತೆಂದು ವರದಿಯಾಯಿತು. ಲೇಖಕರಲ್ಲಿ ಸಾರ ತಯಾರಿಸುವ ಕಂಪನಿಯ ಸಂಶೋಧಕರೂ ಇದ್ದರು. ಪಾಲ್ಗೊಂಡವರ ಸಂಖ್ಯೆ ಚಿಕ್ಕದು.

ಬಿಡಿಬಿಡಿ ಪ್ರಯೋಗಗಳನ್ನು ಕೂಡಿಸಿ ನೋಡಿದ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಓನಕ್ಪೋಯ ಮತ್ತು ಸಂಗಡಿಗರ 2011ರ ವಿಶ್ಲೇಷಣೆ ಇಂದಿಗೂ ಹೆಚ್ಚು ಉಲ್ಲೇಖವಾಗುತ್ತದೆ. ಅವರ ಲೆಕ್ಕದಲ್ಲಿ ಸಾರ ತಿಂದವರು ಹುಸಿಮದ್ದು ತಿಂದವರಿಗಿಂತ ಸರಾಸರಿ 0.88 ಕೆ.ಜಿ. ಹೆಚ್ಚು ಇಳಿದಿದ್ದರು. ವಿಧಾನ ಬಿಗಿಯಾಗಿದ್ದ ಪ್ರಯೋಗಗಳನ್ನಷ್ಟೇ ಎಣಿಸಿದಾಗ ಆ ವ್ಯತ್ಯಾಸವೂ ಉಳಿಯಲಿಲ್ಲ. ಹೊಟ್ಟೆಯ ತೊಂದರೆಗಳು ಸಾರ ತಿಂದವರಲ್ಲಿ ಎರಡು ಪಟ್ಟು.

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಕಾಣದಿರಲು ಮುಖ್ಯ ಕಾರಣ ಕೊಬ್ಬಿನ ಮೂಲ. ಸಾಮಾನ್ಯ ಮಿಶ್ರ ಆಹಾರ ತಿನ್ನುವ ಮನುಷ್ಯನ ಮೈಕೊಬ್ಬಿನ ಬಹುಪಾಲು ಎಣ್ಣೆ, ತುಪ್ಪ, ಮಾಂಸ, ಹಾಲಿನಲ್ಲಿ ಕೊಬ್ಬಾಗಿಯೇ ಬಂದದ್ದು. ಸಕ್ಕರೆಯಿಂದ ಹೊಸದಾಗಿ ಕಟ್ಟಿದ ಕೊಬ್ಬಿನ ಪಾಲು ಸಣ್ಣದು. ಅಗತ್ಯ ಮೀರಿ ಪಿಷ್ಟ ಸಕ್ಕರೆ ತಿನ್ನುವವರಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿದವರಲ್ಲಿ ಮಾತ್ರ ಅದು ಏರುತ್ತದೆ. ಮೂರು ಆಮ್ಲಗುಂಪುಗಳ ವಿದ್ಯುದಂಶ ಹೊತ್ತ ಅಣು ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ ಎಂಬುದು ಎರಡನೆಯ ಕಾರಣ. ಕಿಣ್ವವೊಂದನ್ನು ತಡೆಯುವುದಕ್ಕೂ ತೂಕ ಇಳಿಸುವುದಕ್ಕೂ ನಡುವಿನ ದೂರವನ್ನು ಜಾಹೀರಾತುಗಳು ಅಳೆಯಲಿಲ್ಲ.

ಕೊಲೆಸ್ಟರಾಲ್ ಮೇಲಿನ ಪರಿಣಾಮ

ಏಲೂರಿನ ಅಧ್ಯಯನ ಒಟ್ಟು ಕೊಲೆಸ್ಟರಾಲ್, ಕಡಿಮೆ ಸಾಂದ್ರತೆಯ ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಇಳಿದವೆಂದು ಹೇಳಿತು. ದಕ್ಷಿಣ ಕೊರಿಯದಲ್ಲಿ ಅಧಿಕ ತೂಕದ 86 ಮಂದಿಯ ಮೇಲೆ 10 ವಾರ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 2 ಗ್ರಾಂ ಉಪ್ಪಾಗೆ ಸಾರ ಕೊಟ್ಟಾಗ ತೂಕವಾಗಲಿ ಕೊಲೆಸ್ಟರಾಲ್ ಆಗಲಿ ಇಳಿಯಲಿಲ್ಲ. ಒಟ್ಟಿನಲ್ಲಿ ಕೊಲೆಸ್ಟರಾಲ್ ಚಿಕಿತ್ಸೆಗೆ ಇದನ್ನು ಬಳಸುವಷ್ಟು ಆಧಾರವಿಲ್ಲ.

ಆದರೂ ಗುರಿ ತಪ್ಪಾಗಿರಲಿಲ್ಲ. ಬೆಂಪಿಡೋಯಿಕ್ ಆಮ್ಲ ಎಂಬ ಕೃತಕ ಔಷಧ ತಡೆಯುವುದು ಇದೇ ಎಟಿಪಿ ಸಿಟ್ರೇಟ್ ಲಯೇಸನ್ನು. ಅದು ಉಪ್ಪಾಗೆಯಿಂದ ಬಂದದ್ದಲ್ಲ, ರಚನೆಯಲ್ಲೂ ಸಂಬಂಧವಿಲ್ಲ. ಯಕೃತ್ತಿನಲ್ಲಿರುವ, ಸ್ನಾಯುವಿನಲ್ಲಿಲ್ಲದ ಇನ್ನೊಂದು ಕಿಣ್ವ ಅದನ್ನು ಚುರುಕುಗೊಳಿಸಿದ ಮೇಲೆಯೇ ಅದು ಕೆಲಸಕ್ಕಿಳಿಯುತ್ತದೆ. ಕೊಲೆಸ್ಟರಾಲ್ ತಯಾರಿ ಕುಗ್ಗಿದಾಗ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹೆಚ್ಚು ಸೆಳೆದುಕೊಳ್ಳುತ್ತದೆ. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಮಂಜೂರಾತಿ ದೊರೆಯಿತು. ಸ್ಟಾಟಿನ್ ಒಗ್ಗದ ಸುಮಾರು 14,000 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಪ್ರಮುಖ ಅನಾಹುತಗಳು ಶೇ. 13 ಕಡಿಮೆಯಾದವು. ಅದರಿಂದಲೂ ಟ್ರೈಗ್ಲಿಸರೈಡ್ ಹೇಳಿಕೊಳ್ಳುವಂತೆ ಇಳಿಯುವುದಿಲ್ಲ, ಅದು ಬೊಜ್ಜಿನ ಔಷಧವೂ ಅಲ್ಲ. ಮೈಸೂರಿನಲ್ಲಿ ಆಮ್ಲವನ್ನು ಗುರುತಿಸಿದ ಅರ್ಧ ಶತಮಾನದ ಬಳಿಕ ಆ ಕಿಣ್ವ ಔಷಧಶಾಸ್ತ್ರದಲ್ಲಿ ನೆಲೆ ಕಂಡಿತು, ಹಣ್ಣಿನ ನೆರವಿಲ್ಲದೆ.

ಇತರ ಸಸ್ಯಜನ್ಯ ಪದಾರ್ಥಗಳೊಡನೆ ಹೋಲಿಕೆ

ಕೊಲೆಸ್ಟರಾಲ್ ತಗ್ಗಿಸುವುದರಲ್ಲಿ ಬಲವಾದ ಆಧಾರವಿರುವುದು ಸಸ್ಯ ಸ್ಟೆರಾಲ್‌ಗಳಿಗೆ. ದಿನಕ್ಕೆ 2 ಗ್ರಾಂ ಸೇವಿಸಿದರೆ ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆಗೆ ಪೈಪೋಟಿಯೊಡ್ಡಿ ಎಲ್‌ಡಿಎಲನ್ನು ಶೇ. 8ರಿಂದ 10ರಷ್ಟು ಇಳಿಸುತ್ತವೆ. ಓಟ್ಸ್‌ನ ಬೀಟಾ ಗ್ಲೂಕನ್, ಇಸಬ್‌ಗೋಲ್‌ನಂಥ ಕರಗುವ ನಾರುಗಳು ಪಿತ್ತಾಮ್ಲವನ್ನು ಹಿಡಿದು ಹೊರಹಾಕಿ ಕೊಲೆಸ್ಟರಾಲನ್ನು ತುಸು ತಗ್ಗಿಸುತ್ತವೆ. ಗುಗ್ಗುಲದ ಕತೆ ಉಪ್ಪಾಗೆಯದಕ್ಕೆ ಹತ್ತಿರದ್ದು. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ 1966ರ ಪ್ರಬಂಧದಲ್ಲಿ ಮೊಲಗಳ ಮೇಲೆ ಅದರ ಗುಣವನ್ನು ತೋರಿಸಿದರು, ಮುಂದೆ ಭಾರತದಲ್ಲಿ ಅದು ಔಷಧವಾಗಿ ಮಾರುಕಟ್ಟೆಗೂ ಬಂತು. 2003ರಲ್ಲಿ ಅಮೆರಿಕದ 103 ಮಂದಿಯ ಮೇಲಿನ ಪ್ರಯೋಗದಲ್ಲಿ ಮಾತ್ರ ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತು.

ಸುರಕ್ಷತೆ

ತಲೆನೋವು, ಓಕರಿಕೆ, ಹೊಟ್ಟೆನೋವು, ಭೇದಿ ಸಾಮಾನ್ಯ ದೂರುಗಳು. ಗಂಭೀರವಾದದ್ದು ಯಕೃತ್ತಿನ ಹಾನಿ. ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳಿಂದ ಒಂದು ಸಾವು ಸೇರಿ ಯಕೃತ್ತಿನ ತೊಂದರೆಯ 23 ವರದಿಗಳು ಬಂದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರ ಮೇ ತಿಂಗಳಲ್ಲಿ ಅವನ್ನು ಬಳಸಬೇಡಿರೆಂದು ಎಚ್ಚರಿಸಿತು, ತಯಾರಕರು ಸರಕನ್ನು ವಾಪಸು ಪಡೆದರು. ಅವುಗಳಲ್ಲಿ ಉಪ್ಪಾಗೆ ಸಾರದ ಜೊತೆ ಬೇರೆ ಪದಾರ್ಥಗಳೂ ಇದ್ದುದರಿಂದ ಹೊಣೆ ಯಾವುದರದೆಂಬ ಚರ್ಚೆ ನಡೆಯಿತು.

ಔಷಧಜನ್ಯ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಸಂಶೋಧನಾ ಜಾಲ 2004ರಿಂದ 2018ರ ನಡುವಿನ ಪ್ರಕರಣಗಳಲ್ಲಿ ಉಪ್ಪಾಗೆ ಸಾರಕ್ಕೆ ಸಂಬಂಧಿಸಿದ 22ನ್ನು ಗುರುತಿಸಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಕೆಲವರು ಉಪ್ಪಾಗೆ ಸಾರವೊಂದನ್ನೇ ತಿಂದಿದ್ದರು. ಹೆಚ್ಚಿನವರು ಹಸಿರು ಚಹಾದ ಸಾರದೊಡನೆ. ರೋಗನಿರೋಧ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ-ಬಿ*35:01 ಎಂಬ ಆನುವಂಶಿಕ ರೂಪ ಈ ರೋಗಿಗಳಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿತ್ತು. ಎಲ್ಲರಿಗೂ ಹಾನಿಯಾಗದೆ ಕೆಲವರಿಗಷ್ಟೇ ಆಗುವುದಕ್ಕೆ ಇದು ವಿವರಣೆಯಾದೀತು.

ಖಿನ್ನತೆಯ ಮಾತ್ರೆಗಳ ಜೊತೆ ಸೇವಿಸಿದವರಲ್ಲಿ ಸೆರೊಟೋನಿನ್ ಮಿತಿಮೀರಿದ ಲಕ್ಷಣಗಳು ಕಂಡ ಪ್ರಕರಣ ವರದಿಗಳೂ ಇವೆ. ಬೊಜ್ಜಿನ ಇಲಿಗಳಿಗೆ ಅತಿ ಹೆಚ್ಚು ಮೊತ್ತ ಕೊಟ್ಟಾಗ ವೃಷಣಗಳು ಕುಗ್ಗಿದ್ದನ್ನು ಜಪಾನಿನ ಸಂಶೋಧಕರು 2005ರಲ್ಲಿ ವರದಿಮಾಡಿದರು. ಬೇರೆ ದಿಕ್ಕಿನಲ್ಲಿ, ಮೂತ್ರಪಿಂಡದ ಕಲ್ಲುಗಳ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಹೈಡ್ರಾಕ್ಸಿಸಿಟ್ರೇಟ್ ಕರಗಿಸಬಲ್ಲದೆಂದು 2016ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು.

ಸಂಗ್ರಹ ಮತ್ತು ವ್ಯಾಪಾರ

1980ರ ದಶಕದವರೆಗೆ ಉತ್ತರ ಕನ್ನಡದ ಉಪ್ಪಾಗೆ ಸಿಪ್ಪೆ ಮನೆಬಳಕೆಗೂ ಕೇರಳದ ಅಡುಗೆಮನೆಗೂ ಹೋಗುತ್ತಿದ್ದ ಸಣ್ಣ ಸರಕು. ಮುಂದಿನ ದಶಕದಲ್ಲಿ ರಫ್ತಿನ ಬೇಡಿಕೆಯಿಂದ ಬೆಲೆ ಏರಿತು, ಕೆಲವೇ ವರ್ಷಗಳಲ್ಲಿ ಕುಸಿಯಿತು. ಕಾಡಿನ ಉಪ್ಪಾಗೆ ಕಿರು ಅರಣ್ಯ ಉತ್ಪನ್ನ. ಅದರ ಸಂಗ್ರಹದ ಹಕ್ಕನ್ನು ಅರಣ್ಯ ಇಲಾಖೆ ಹರಾಜು ಹಾಕುತ್ತದೆ. ಬೆಲೆ ಇದ್ದಾಗ ಮೊದಲು ಹೋದವನಿಗೇ ಹಣ್ಣು. ಹಾಗಾಗಿ ಮಾಗುವ ಮುಂಚೆಯೇ ಕೀಳುವುದು, ಕೊಂಬೆ ಕಡಿಯುವುದು ನಡೆಯಿತು.

ಹಣ್ಣು ಬರುವುದು ಜಡಿಮಳೆಯ ತಿಂಗಳುಗಳಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಸೌದೆಯ ಬೆಂಕಿಯಲ್ಲೇ ಒಣಗಿಸಬೇಕು, ಅದಕ್ಕೆ ಸಿಪ್ಪೆಯ ತೂಕವನ್ನು ಮೀರಿಸುವಷ್ಟು ಕಟ್ಟಿಗೆ ಬೇಕಾಗುತ್ತದೆ. ಹಣ್ಣು ಕೊಯ್ಯುವುದಕ್ಕಿಂತ ಈ ಕಟ್ಟಿಗೆಯೇ ಕಾಡಿಗೆ ದೊಡ್ಡ ಹೊರೆ. ಸೌದೆ ಉಳಿಸುವ ಸುಧಾರಿತ ಒಲೆಗಳನ್ನು ಸ್ವಯಂಸೇವಾ ಸಂಸ್ಥೆಗಳು ಹಳ್ಳಿಗಳಲ್ಲಿ ಪರಿಚಯಿಸಿವೆ.

ಈಗಿನ ಸ್ಥಿತಿ

2012ರಲ್ಲಿ ಅಮೆರಿಕದ ವೈದ್ಯ ಮೆಹ್ಮೆತ್ ಆಜ್ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಹೊಗಳಿದ ಮೇಲೆ ಸಾರಕ್ಕೆ ಎರಡನೆಯ ಸುತ್ತಿನ ಬೇಡಿಕೆ ಬಂತು. ತೂಕ ಇಳಿಸುವ ಪದಾರ್ಥಗಳ ಸುಳ್ಳು ಜಾಹೀರಾತಿನ ಬಗ್ಗೆ 2014ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ಅವರನ್ನು ವಿಚಾರಣೆಗೆ ಕರೆಯಿತು. ಭಾರತದಲ್ಲಿ ಇಂಥ ಪೂರಕಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಾವಳಿಗೆ ಒಳಪಡುತ್ತವೆ. ಔಷಧವಾಗಿ ಬಳಸುವಂಥದ್ದಲ್ಲ ಎಂದು ಡಬ್ಬಿಯ ಮೇಲೆ ಅಚ್ಚಾಗಬೇಕು, ರೋಗ ಗುಣಪಡಿಸುತ್ತದೆಂದು ಹೇಳುವಂತಿಲ್ಲ.

ಫ್ರಾನ್ಸ್ 2012ರಲ್ಲೇ ಔಷಧಗಳಲ್ಲಿ ಉಪ್ಪಾಗೆಯ ಬಳಕೆಯನ್ನು ನಿಷೇಧಿಸಿತ್ತು. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ತನಗೆ ಬಂದ 38 ದುಷ್ಪರಿಣಾಮ ವರದಿಗಳನ್ನು ಪರಿಶೀಲಿಸಿ, ಉಪ್ಪಾಗೆ ಸೇರಿದ ಆಹಾರ ಪೂರಕಗಳನ್ನು ಸೇವಿಸಬಾರದೆಂದು 2025ರ ಮಾರ್ಚ್‌ನಲ್ಲಿ ಸಲಹೆ ನೀಡಿತು. ಸಲಹೆ ಪೂರಕಗಳ ಕುರಿತದ್ದು. ಅಡುಗೆಯ ಒಣಸಿಪ್ಪೆಯ ಬಗ್ಗೆ ಅಲ್ಲ.